ಮತ್ತೆ ಅದೇ ಎಡಕುಮೇರಿಗೆ

ನಾವು ಮೂರನೇ ಸಲ ಎಡಕುಮೇರಿಗೆ ಮರಳಿದ್ದೇವೆ. ರೈಲು ಹತ್ತಿ ಹೋದದ್ದಲ್ಲ. ಪುತ್ತೂರಿನ ಹತ್ತಿರ ಗೆಳೆಯನೊಬ್ಬನ ಮನೆಯ ಅಟ್ಟದಲ್ಲಿ, ಎಂಟಡಿ ಉದ್ದದ ಪ್ಲೈವುಡ್ ಹಲಗೆಯ ಮೇಲೆ, ಆ ಘಾಟಿ ನಿಲ್ದಾಣವನ್ನು ಪುಟ್ಟದಾಗಿ ಮತ್ತೆ ಕಟ್ಟಲು ಕೂತಿದ್ದೇವೆ. ಪತ್ರಿಕೋದ್ಯಮ ಓದುವಾಗ ಹಾಸ್ಟೆಲಿನಲ್ಲಿ ನಾಲ್ಕು ಮಂದಿ ಶುರು ಮಾಡಿದ ಹುಚ್ಚು ಇದು. ನಡುವೆ ಬಿಟ್ಟೆವು, ಬೇರೇನೋ ಕಟ್ಟಿದೆವು, ಮರಳಿ ಬಂದೆವು, ಕಟ್ಟಿದ್ದನ್ನು ಕಿತ್ತೆವು, ಈಗ ಮತ್ತೆ ಬಂದಿದ್ದೇವೆ.

ವಿಷಯ ತಿಳಿದ ಗೆಳೆಯರೆಲ್ಲ ಕೇಳುವುದು ಒಂದೇ: "ಮತ್ತೆ ಅದೇನಾ? ಈ ಸಲವಾದರೂ ಊಟಿ ರೈಲು ಮಾಡಬಹುದಿತ್ತಲ್ಲ?" ವರದಿಗಾರಿಕೆಯಲ್ಲೂ ನಮಗೆ ಇದೇ ಪ್ರಶ್ನೆ ಎದುರಾಗುತ್ತದೆ. ಒಮ್ಮೆ ಬರೆದ ಊರಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ ಎಂದರೆ "ಅದು ಆಗಿದೆಯಲ್ಲ, ಹೊಸತೇನು?" ಎಂಬ ಉತ್ತರ ಬರುತ್ತದೆ. ಎರಡಕ್ಕೂ ನಮ್ಮ ಉತ್ತರವನ್ನು ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇವೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗದೆ ಆ ಜಾಗ ಗೊತ್ತಾಗುವುದಿಲ್ಲ. ನಮಗೆ ಇದನ್ನು ಕಲಿಸಿದ್ದು ಕ್ಲಾಸ್‌ರೂಮಿಗಿಂತ ಹೆಚ್ಚಾಗಿ ಈ ಆಟಿಕೆ ರೈಲು.

ಮಾದರಿ ರೈಲಿನ ಹವ್ಯಾಸ ಗೊತ್ತಿಲ್ಲದವರಿಗೆ ಎರಡು ಮಾತು. ಮಕ್ಕಳ ಆಟಿಕೆ ರೈಲಿಗೂ ಇದಕ್ಕೂ ಇರುವ ವ್ಯತ್ಯಾಸ ಅಳತೆಯದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎನ್ನುತ್ತಾರೆ. ಅದರಲ್ಲಿ ಎಲ್ಲವೂ ನಿಜದ 87ನೇ ಒಂದು ಪಾಲು. ಎಂಜಿನ್, ಬೋಗಿ, ನಿಲ್ದಾಣದ ಬಾಗಿಲು, ಪ್ಲಾಟ್‌ಫಾರ್ಮಿನಲ್ಲಿ ನಿಂತ ಮನುಷ್ಯ, ಎಲ್ಲಕ್ಕೂ ಅದೇ ಲೆಕ್ಕ. ಯಾವ ನಿಜವಾದ ಮಾರ್ಗವನ್ನು ನೋಡಿ ಕಟ್ಟುತ್ತೇವೋ ಅದನ್ನು ಹವ್ಯಾಸಿಗಳು ಪ್ರೊಟೊಟೈಪ್ ಎನ್ನುತ್ತಾರೆ. ನಾವು ಅದನ್ನು 'ಅಸಲು' ಎಂದು ಕರೆಯುತ್ತೇವೆ. ಕನ್ನಡದಲ್ಲಿ 'ಮಾದರಿ' ಎಂದರೆ ನಕಲೂ ಹೌದು, ಅನುಸರಿಸಬೇಕಾದ ಮೇಲ್ಪಂಕ್ತಿಯೂ ಹೌದು. ಒಂದೇ ಪದಕ್ಕೆ ಎರಡು ಕೆಲಸ ಕೊಟ್ಟರೆ ಗೊಂದಲ. ಅಂಗಡಿಯವರ ಭಾಷೆಯ ಅಸಲು ಮತ್ತು ನಕಲು ನಮಗೆ ಸಾಕು.

ನಮ್ಮ ಅಸಲು ಮಂಗಳೂರು–ಹಾಸನ ಮಾರ್ಗ. ಅದರಲ್ಲೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಆಮೇಲೆ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್. 57 ಸುರಂಗ, 109 ಸೇತುವೆ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವ ಕಡಿದಾದ ದಾರಿ. ಈ ಅಂಕಿಗಳು ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಮಾರ್ಗ ಪೂರ್ತಿಯಾದದ್ದು 1979ರಲ್ಲಿ, ಮೀಟರ್ ಗೇಜ್ ಹಳಿಯ ಮೇಲೆ. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ ಬಂತು. 1996ರಲ್ಲಿ ಘಾಟಿಯಲ್ಲಿ ಮೀಟರ್ ಗೇಜ್ ರೈಲು ನಿಂತಿತು. ಬ್ರಾಡ್ ಗೇಜ್ ಮೇಲೆ ಗೂಡ್ಸ್ ಓಡಿದ್ದು 2006ರಲ್ಲಿ, ಜನರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ.

ಈ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಮೀಟರ್ ಗೇಜ್ ಈ ಘಾಟಿಯಲ್ಲಿ ಬಾಳಿದ್ದು ಹದಿನೇಳು ವರ್ಷ ಮಾತ್ರ. ಅದರ ಹಿಂದೆ ಹತ್ತಕ್ಕೂ ಹೆಚ್ಚು ವರ್ಷ ಜನರಿಗೆ ರೈಲೇ ಇರಲಿಲ್ಲ. ಈಗಿನ ಬ್ರಾಡ್ ಗೇಜ್ ಆಗಲೇ ಹಳೆಯದಕ್ಕಿಂತ ಹೆಚ್ಚು ಕಾಲ ಓಡಿದೆ. ಆದರೂ ಹಿರಿಯರು "ನಮ್ಮ ಕಾಲದ ರೈಲು" ಎಂದಾಗ ಕಣ್ಣ ಮುಂದೆ ಬರುವುದು ಆ ಹದಿನೇಳು ವರ್ಷ. ನಮ್ಮಲ್ಲಿ ಇಬ್ಬರು ಆ ರೈಲು ನಿಂತಾಗ ಹುಟ್ಟಿರಲೇ ಇಲ್ಲ. ಉಳಿದಿಬ್ಬರಿಗೆ ನೆನಪಿರುವುದು ಅಮ್ಮನ ಮಡಿಲು ಮತ್ತು ಸುರಂಗದ ಕತ್ತಲು. ಅಂದರೆ ನಾವು ಕಟ್ಟಹೊರಟದ್ದು ನಮ್ಮ ನೆನಪನ್ನಲ್ಲ, ಬೇರೆಯವರ ನೆನಪನ್ನು. ವರದಿಗಾರನ ಕೆಲಸವೂ ಬಹುಪಾಲು ಇದೇ.

ಮೊದಲನೇ ಸಲ ನಾವು ಮಾಡಿದ್ದು ಥರ್ಮಾಕೋಲ್ ಬೆಟ್ಟ. ಅದಕ್ಕೆ ಸಿಕ್ಕ ಹಸಿರೆಲ್ಲ ಬಳಿದೆವು. ಚಾರಣಿಗರ ಫೋಟೊಗಳನ್ನು ನೋಡಿ ಸೇತುವೆ ಮಾಡಿದೆವು. ಹಳಿ ಮುಚ್ಚಿದ್ದ ಆ ಹತ್ತು ವರ್ಷಗಳಲ್ಲಿ 'ಗ್ರೀನ್ ರೂಟ್' ಎಂದು ಹೆಸರಾಗಿ ಬೆಂಗಳೂರಿನಿಂದ ಜನ ಬಂದು ಹಳಿಯ ಮೇಲೆ ನಡೆದದ್ದು ನಿಮಗೂ ಗೊತ್ತಿರಬಹುದು. ಅವರ ಫೋಟೊಗಳಲ್ಲಿ ಸೇತುವೆ ಇತ್ತು, ಮಂಜು ಇತ್ತು, ತೋಳು ಚಾಚಿ ನಿಂತ ಚಾರಣಿಗ ಇದ್ದ. ರೈಲು ಇರಲಿಲ್ಲ, ಕೆಲಸಗಾರ ಇರಲಿಲ್ಲ. ನಮ್ಮ ಮಾದರಿಯಲ್ಲೂ ಹಾಗೆಯೇ ಆಯಿತು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇಟ್ಟೆವು, ಚಪ್ಪಾಳೆ ಬಿತ್ತು, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು.

ಆಮೇಲೆ ನಾವು ಸ್ವಿಟ್ಜರ್ಲೆಂಡಿಗೆ ಹೋದೆವು, ಅಟ್ಟದ ಮೇಲೆಯೇ. ಎಲ್ಲರೂ ಹೋಗುವುದು ಅಲ್ಲಿಗೇ. ಅಲ್ಲಿನ ರೇಷಿಯನ್ ರೈಲ್ವೆ ನಮ್ಮ ಹಳೆಯ ಮಾರ್ಗದಂತೆ ಮೀಟರ್ ಗೇಜ್, ನಮ್ಮಂತೆಯೇ ಬೆಟ್ಟ, ಸುರಂಗ, ಸೇತುವೆ. ಎಂಜಿನ್‌ನಿಂದ ಹಿಡಿದು ನಿಲ್ದಾಣದ ಬೆಂಚಿನವರೆಗೆ ಎಲ್ಲವೂ ಡಬ್ಬಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ನಾಲ್ವರೂ ದುಡ್ಡು ಸೇರಿಸಿ ಹಳೆಯದೊಂದು ಸೆಟ್ ಕೊಂಡೆವು. ಸುಂದರವಾಗಿಯೇ ಓಡಿತು. ಆದರೆ ಆರು ತಿಂಗಳಲ್ಲಿ ಒಂದು ಸಂಗತಿ ಕಾಡತೊಡಗಿತು. ನಮಗೆ ಕೇಳಲು ಪ್ರಶ್ನೆಗಳೇ ಇರಲಿಲ್ಲ. ಡಬ್ಬಿಯ ಮೇಲಿನ ಚಿತ್ರದಂತೆ ಜೋಡಿಸಿದರೆ ಮುಗಿಯಿತು. ಆ ನಿಲ್ದಾಣದ ಬಾಗಿಲು ಯಾಕೆ ಆ ಕಡೆಗಿದೆ, ಚಳಿಗಾಲದಲ್ಲಿ ಹಿಮ ಯಾರು ತೆಗೆಯುತ್ತಾರೆ, ಒಂದೂ ಗೊತ್ತಿಲ್ಲ. ಯಾರನ್ನು ಕೇಳುವುದು? ಸಿದ್ಧ ಮಾಹಿತಿಯನ್ನು ಜೋಡಿಸಿ ಸುದ್ದಿ ಮಾಡುವಾಗ ಆಗುವ ಬೇಸರವೇ ಅಲ್ಲೂ ಆಯಿತು.

ಹಾಗೆಂದು ಆ ಸೆಟ್ ದಂಡವಾಗಲಿಲ್ಲ. ಅದರ ಹಳಿಯನ್ನು ಅಳೆದಾಗ ನಮಗೊಂದು ಲೆಕ್ಕ ಹೊಳೆಯಿತು. ಎಚ್‌ಒ ಅಳತೆಯಲ್ಲಿ ಸಾಮಾನ್ಯವಾಗಿ ಸಿಗುವ ಹಳಿಯ ಅಗಲ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1,435 ಮಿಲಿಮೀಟರ್, ಯುರೋಪ್ ಮತ್ತು ಅಮೆರಿಕದ ಗೇಜ್. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್. ಅದಕ್ಕೆ ಹತ್ತೊಂಬತ್ತು ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲದ ಹಳಿ ಬೇಕು, ಅದನ್ನು ಕೈಯಾರೆ ಮಾಡಿಕೊಳ್ಳಬೇಕು. ಭಾರತದ ರೈಲನ್ನು ಮಾಡುವ ಹೆಚ್ಚಿನವರು ಸಿದ್ಧ ಹಳಿಯನ್ನೇ ಹಾಕಿ ಸುಮ್ಮನಾಗುತ್ತಾರೆ. ಆದ್ದರಿಂದ ಅವರ ರೈಲುಗಳು ಸಣಕಲು ಕಾಲಿನ ಮೇಲೆ ದಪ್ಪ ಮೈ ಹೊತ್ತಂತೆ ಕಾಣುತ್ತವೆ.

ಮೀಟರ್ ಗೇಜ್ ಕಥೆ ಬೇರೆ. ಸ್ವಿಸ್ ರೈಲಿಗೆಂದು ಮಾಡಿದ 12 ಮಿಲಿಮೀಟರ್ ಹಳಿಯನ್ನು 87ರಿಂದ ಗುಣಿಸಿದರೆ 1,044. ಸಾವಿರಕ್ಕೆ ಹತ್ತಿರ ಹತ್ತಿರ ಕೂತಿತು. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆ ಕಡೆ ಓಡುತ್ತಿದ್ದ 762 ಮಿಲಿಮೀಟರಿನ ನ್ಯಾರೋ ಗೇಜ್‌ಗೂ ಹೀಗೆಯೇ, ಅಂಗಡಿಯಲ್ಲಿ ಸಿಗುವ 9 ಮಿಲಿಮೀಟರ್ ಹಳಿ ಸರಿಹೋಗುತ್ತದೆ. ಬದುಕಿರುವ ಗೇಜ್‌ಗೆ ಹಳಿ ಸಿಗದು, ಇಲ್ಲವಾದ ಗೇಜ್‌ಗಳಿಗೆ ಸಿಗುತ್ತದೆ! ಸ್ವಿಸ್ ಹಳಿ ಕಿತ್ತು ಎಡಕುಮೇರಿಗೆ ಹಾಸಿದೆವು. ಹಾಗೆ ಎರಡನೇ ಸಲ ಮರಳಿದ್ದು.

ಈ ಸಲ ಜಾಗ್ರತೆಯಿಂದ ಮಾಡಿದೆವು. 55 ಕಿಲೋಮೀಟರನ್ನು 87ರಿಂದ ಭಾಗಿಸಿದರೂ 632 ಮೀಟರ್ ಬೇಕು. ನಮ್ಮ ಅಟ್ಟದಲ್ಲಿ ಇದ್ದದ್ದು ಎಂಟಡಿ, ಅಂದರೆ ಅಸಲಿನ ಸುಮಾರು 212 ಮೀಟರ್. ಆದ್ದರಿಂದ ನಿಲ್ದಾಣದ ಕಟ್ಟಡ, ಅದರ ಎರಡು ಬದಿ, ಒಂದು ಸೇತುವೆಯ ತುದಿ, ಒಂದು ಸುರಂಗದ ಬಾಯಿ, ಇಷ್ಟನ್ನೇ ಆರಿಸಿಕೊಂಡೆವು. ಏನನ್ನು ಬಿಡುತ್ತೇವೆ ಎಂದು ಬರೆದಿಟ್ಟೆವು. ವರ್ಷವನ್ನೂ ಗೊತ್ತುಮಾಡಿದೆವು: 1990ರ ಜುಲೈ. ವರ್ಷ ಹೇಳದೆ ಕಟ್ಟಿದರೆ ಹಳೆಯ ರೈಲಿನ ಪಕ್ಕ ಹೊಸ ಫಲಕ ಬಂದು ಕೂರುತ್ತದೆ. ಮರದ ಪುಡಿ, ಒಣಗಿಸಿದ ಚಹಾದ ಚರಟ, ತೆಂಗಿನ ನಾರು, ಇವುಗಳಿಂದ ಕಾಡು ಬೆಳೆಸಿದೆವು. ಅಂಗಡಿಯ ಹಸಿರು ಪುಡಿಗಿಂತ ಚಹಾದ ಚರಟ ನಮ್ಮ ಮಣ್ಣಿಗೆ ಹತ್ತಿರ. ವರ್ಷದ ಕೆಲಸ ಮುಗಿದಾಗ ನಮಗೆ ನಾವೇ ಬೆನ್ನು ತಟ್ಟಿಕೊಂಡೆವು.

ಅದನ್ನು ನೋಡಲು ನೆರೆಮನೆಯ ಅಜ್ಜ ಬಂದರು. ಘಾಟಿಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ನಿವೃತ್ತರಾಗಿ ಬಹಳ ವರ್ಷವಾಗಿದೆ. ಏಣಿ ಹತ್ತಿ ಬರುವುದೇ ಅವರಿಗೆ ಕಷ್ಟ. ಬಂದು ಸ್ಟೂಲಿನ ಮೇಲೆ ಕೂತರು. ಎಂಜಿನ್ ನೋಡಲಿಲ್ಲ. ಸುರಂಗ ನೋಡಲಿಲ್ಲ. ಗುಡ್ಡ ಕಡಿದ ಬದಿಯನ್ನೇ ತುಂಬಾ ಹೊತ್ತು ನೋಡಿ ಕೇಳಿದರು:

"ಚೆಂದ ಉಂಟು. ಆದರೆ ಮಾರಾಯ್ರೆ, ಈ ನೀರೆಲ್ಲ ಎಲ್ಲಿಗೆ ಹೋಗುವುದು?"

ನಮಗೆ ಅರ್ಥವಾಗಲಿಲ್ಲ. "ಯಾವ ನೀರು ಅಜ್ಜ?"

"ಜುಲೈ ತಿಂಗಳು ಅಂತ ಬೋರ್ಡು ಹಾಕಿದ್ದೀರಲ್ಲ! ಮೇಲೆ ಗುಡ್ಡ, ಕೆಳಗೆ ಹಳಿ. ಮಳೆ ಬಂದರೆ ಎಲ್ಲಿಂದ ಇಳಿಯುತ್ತದೆ, ಎಲ್ಲಿ ದಾಟುತ್ತದೆ? ಕಣಿ ಎಲ್ಲಿ? ಮೋರಿ ಎಲ್ಲಿ? ಹೀಗೆ ಕಟ್ಟಿದರೆ ನಿಮ್ಮ ಸ್ಟೇಷನ್ ಒಂದು ಮಳೆಗಾಲ ನಿಲ್ಲುವುದಿಲ್ಲ."

ಆ ದಿನ ಅಜ್ಜ ಎರಡು ಗಂಟೆ ಮಾತಾಡಿದರು. ಗುಡ್ಡದ ನೆತ್ತಿಯ ಹತ್ತಿರ ಅಡ್ಡಕ್ಕೆ ತೋಡುವ ಕಣಿ ಒಂದು, ಅದು ಮೇಲಿನ ನೀರನ್ನು ಕಡಿತದ ಗೋಡೆಗೆ ಬೀಳದಂತೆ ಪಕ್ಕಕ್ಕೆ ಒಯ್ಯುವುದಕ್ಕೆ. ಹಳಿಯ ಪಕ್ಕದ ಕಣಿ ಇನ್ನೊಂದು. ಎರಡೂ ಸೇರಿ ಮೋರಿಯ ಬಾಯಿಗೆ. ಮಳೆ ಹಿಡಿಯುವ ಮೊದಲು ಇವನ್ನೆಲ್ಲ ಕೆರೆದು ಸ್ವಚ್ಛ ಮಾಡಬೇಕು, ಎಲೆ ಬಿದ್ದು ಕಟ್ಟಿದರೆ ಮತ್ತೆ ಕೆರೆಯಬೇಕು. ರಾತ್ರಿ ಗಸ್ತಿಗೆ ಕೈದೀಪ, ಕೆಂಪು ಬಾವುಟ, ಹಳಿಗೆ ಕಟ್ಟುವ ಪಟಾಕಿ. ಈ ಪಟಾಕಿಗೆ ರೈಲ್ವೆಯ ಹೆಸರು ಡಿಟೊನೇಟರ್. ಮುಂದೆ ಗುಡ್ಡ ಜಾರಿದ್ದು ಕಂಡರೆ ಅದನ್ನು ದೂರದಲ್ಲೇ ಹಳಿಗೆ ಕಟ್ಟಿ ಬರಬೇಕು. ಎಂಜಿನ್ನಿನ ಚಕ್ರ ಹತ್ತಿದಾಗ ಸಿಡಿಯುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ಜಿಗಣೆಯ ಬಗ್ಗೆ ಕೇಳಿದಾಗ ನಕ್ಕರು. "ಜಿಗಣೆಗೆ ಹೆದರುವುದಲ್ಲ. ಶಬ್ದಕ್ಕೆ ಹೆದರಬೇಕು. ನೀರಿನ ಶಬ್ದ ಇದ್ದಕ್ಕಿದ್ದಂತೆ ನಿಂತರೆ ಮೇಲೆ ಎಲ್ಲೋ ಕಟ್ಟಿದೆ ಅಂತ."

ನಮಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. 109 ಸೇತುವೆ ಎಂದು ಇಷ್ಟು ವರ್ಷ ಹೆಮ್ಮೆಯಿಂದ ಹೇಳುತ್ತ ಬಂದವರು ನಾವು. 55 ಕಿಲೋಮೀಟರಿಗೆ 109 ಎಂದರೆ ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ ಎರಡು. ಅಷ್ಟು ಕಡೆ ಕಣಿವೆಯೋ ತೋಡೋ ಅಡ್ಡ ಬಂದಿದೆ, ದಾರಿ ಕೇಳಿದೆ. ಅಜ್ಜನ ಪ್ರಶ್ನೆಯ ಉತ್ತರ ನಮ್ಮ ಬಾಯಲ್ಲೇ ಇತ್ತು. ಅದನ್ನು ಅಂಕಿಯಾಗಿ ಹೇಳಿದ್ದೆವೇ ಹೊರತು ನೀರಾಗಿ ನೋಡಿರಲಿಲ್ಲ. ಆ ಘಾಟಿಯ ನೀರು ಗುಂಡ್ಯ ಹೊಳೆಗೆ ಇಳಿದು, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಮಂಗಳೂರಿಗೆ ಹೋಗುತ್ತದೆ. ರೈಲೂ ಅಲ್ಲಿಗೇ. ಎರಡೂ ಒಂದೇ ಬೆಟ್ಟದಿಂದ ಒಂದೇ ಊರಿಗೆ ಇಳಿಯುವಾಗ ಒಂದನ್ನೊಂದು ಹೇಗೆ ದಾಟುತ್ತವೆ ಎಂಬುದೇ ಆ ಮಾರ್ಗದ ನಿಜವಾದ ಕಥೆ.

ಇದು ಬರೀ ಹಳೆಯ ಕಥೆಯಲ್ಲ. 2018ರ ಆಗಸ್ಟ್‌ನಲ್ಲಿ ಈ ಘಾಟಿಯಲ್ಲಿ ಸಾಲುಸಾಲಾಗಿ ಗುಡ್ಡ ಜಾರಿ ವಾರಗಟ್ಟಲೆ ರೈಲು ನಿಂತಿತ್ತು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಕುಸಿದು ಮತ್ತೆ ನಿಂತಿತು. ಎರಡೂ ಸಲ ನಮ್ಮಂಥವರು ಬರೆದ ಸುದ್ದಿ ತೆಗೆದು ನೋಡಿದೆವು. 'ಗುಡ್ಡ ಕುಸಿತ, ರೈಲು ಸಂಚಾರ ಸ್ಥಗಿತ'. ರದ್ದಾದ ರೈಲುಗಳ ಪಟ್ಟಿ. ಕೊನೆಗೆ 'ದುರಸ್ತಿ ಕಾರ್ಯ ಭರದಿಂದ ಸಾಗಿದೆ'. ಹಳಿ ತೆರೆದ ದಿನ ಸುದ್ದಿ ಮುಗಿಯಿತು. ಕುಸಿದ ಜಾಗದ ಮೇಲೆ ಏನಿತ್ತು, ಅಲ್ಲಿನ ನೀರು ಮೊದಲು ಎಲ್ಲಿ ಹೋಗುತ್ತಿತ್ತು, ಈಗ ಎಲ್ಲಿ ಹೋಗುತ್ತಿದೆ, ಆ ಕಣಿಗಳನ್ನು ನೋಡಿಕೊಳ್ಳಲು ಈಗ ಎಷ್ಟು ಜನ ಇದ್ದಾರೆ? ನಾವೂ ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆಯಬೇಕಾದರೆ ಒಣ ದಿನಗಳಲ್ಲಿ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಬೇಕಿತ್ತು. ನಮ್ಮ ವೃತ್ತಿ ನಮ್ಮನ್ನು ಅಲ್ಲಿಗೆ ಕಳಿಸುವುದು ಕುಸಿದ ದಿನ ಮಾತ್ರ.

ಅಜ್ಜ ಹೋದ ಮೇಲೆ ನಾವು ಗುಡ್ಡ ಕಿತ್ತೆವು. ಇದು ಮೂರನೇ ಸಲ.

ಒಂದೇ ಅಸಲಿಗೆ ಅಂಟಿಕೊಳ್ಳುವುದು ನಮ್ಮೊಬ್ಬರ ಹುಚ್ಚಲ್ಲ. ಇಂಗ್ಲೆಂಡಿನಲ್ಲಿ ಪೀಟರ್ ಡೆನ್ನಿ ಎಂಬ ಪಾದ್ರಿ ಇದ್ದರು. ಬಕಿಂಗ್‌ಹ್ಯಾಮ್ ಎಂಬ ಸಣ್ಣ ಊರಿಗೆ ಗ್ರೇಟ್ ಸೆಂಟ್ರಲ್ ರೈಲ್ವೆಯ ಕವಲು ಮಾರ್ಗ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಕಟ್ಟಲು ಶುರು ಮಾಡಿದವರು, ದಶಕಗಳ ಕಾಲ ಅದನ್ನೇ ಕಿತ್ತು ಕಟ್ಟಿ, ಕಿತ್ತು ಕಟ್ಟಿ ಬೆಳೆಸಿದರು. ಹವ್ಯಾಸಿಗಳ ನಡುವೆ ಅದು ಇಂದಿಗೂ ದೊಡ್ಡ ಹೆಸರು.

ನಮ್ಮ ಮನಸ್ಸಿಗೆ ಇನ್ನೂ ಹತ್ತಿರವಾದವರು ರಾಯ್ ಇಂಗ್ಲೆಂಡ್. ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದವರು. ರೈಲಿನ ಮೇಲಿನ ಆಸೆಯಿಂದ ಬಂದವರ ಕಣ್ಣಿಗೆ ಬಿದ್ದದ್ದು ವೇಲ್ ಆಫ್ ವೈಟ್ ಹಾರ್ಸ್ ಎಂಬ ಕಣಿವೆಯ ಹಳ್ಳಿಗಳು. ಹುಲ್ಲು ಹೊದಿಸಿದ ಮನೆಗಳು ಒಂದೊಂದಾಗಿ ಹೋಗುತ್ತಿದ್ದವು. ಅವರು ಆ ಮನೆಗಳನ್ನು ಅಳೆದು, 76ರಲ್ಲಿ ಒಂದು ಪಾಲಿನ ಗಾತ್ರದಲ್ಲಿ ಕಟ್ಟಲು ಕೂತರು. 1954ರಲ್ಲಿ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿ ಪೆಂಡನ್ ವಸ್ತುಸಂಗ್ರಹಾಲಯ ಶುರುವಾಯಿತು. ಆಮೇಲೆ ಬಂದವರು ಆ ಕೆಲಸವನ್ನು ಮುಂದುವರಿಸಿದ್ದಾರೆ. ರೈಲಿನ ನೆಪದಲ್ಲಿ ಒಂದು ಗ್ರಾಮೀಣ ಪ್ರದೇಶದ ದಾಖಲೆ ತಯಾರಾಯಿತು. ಗ್ರಾಮೀಣ ಪತ್ರಿಕೋದ್ಯಮ ಎಂದು ಪದವಿ ಪಡೆದ ನಮಗೆ ಅದನ್ನು ಓದಿದಾಗ ತುಸು ಹೊಟ್ಟೆಕಿಚ್ಚೇ ಆಯಿತು.

ನಮ್ಮಲ್ಲೂ ಸಂಗ್ರಹಾಲಯ ಇಲ್ಲವೆಂದಲ್ಲ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ತೆರೆದದ್ದು ನಮ್ಮ ಘಾಟಿ ಮಾರ್ಗ ಪೂರ್ತಿಯಾದ ಅದೇ 1979ರಲ್ಲಿ. ಹಳೆಯ ಎಂಜಿನ್‌ಗಳಿವೆ, ಮಹಾರಾಣಿಯವರ ಸಲೂನ್ ಇದೆ. ನೋಡಲೇಬೇಕಾದ ಜಾಗ, ಅಳತೆ ತೆಗೆಯುವವರಿಗಂತೂ ಹಬ್ಬ. ಆದರೆ ಸಲೂನನ್ನು ಜೋಪಾನ ಮಾಡಿದ ಹಾಗೆ ಕಣಿ ಕೆರೆಯುವವನ ತಿಳಿವಳಿಕೆಯನ್ನು ಜೋಪಾನ ಮಾಡಲು ಬರುವುದಿಲ್ಲ. ಅದು ಗಾಜಿನ ಪೆಟ್ಟಿಗೆಯಲ್ಲಿ ಕೂರುವ ವಸ್ತುವಲ್ಲ. ಯಾರಾದರೂ ಕೂತು ಕೇಳಬೇಕು. ಕೇಳುವುದಕ್ಕೂ ಒಂದು ನೆಪ ಬೇಕು. "ನಿಮ್ಮ ಅನುಭವ ಹೇಳಿ ಅಜ್ಜ" ಎಂದು ಮೈಕ್ ಹಿಡಿದರೆ ಅಜ್ಜ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾರೆ. ಮೈಕ್ ಹಿಡಿದು ಮೊದಲು ಹೋಗಿದ್ದೆವು, ಹಾಗೇ ಆಗಿತ್ತು. ತಪ್ಪಾಗಿ ಕಟ್ಟಿದ ಗುಡ್ಡವನ್ನು ತೋರಿಸಿದಾಗ ಎರಡು ಗಂಟೆ ಮಾತಾಡಿದರು. ತಪ್ಪನ್ನು ತಿದ್ದುವ ಆಸೆ ಮನುಷ್ಯನಿಗೆ ಅಷ್ಟಿದೆ. ಮಾದರಿಯ ದೊಡ್ಡ ಉಪಕಾರ ಇದು: ನಮಗೇನು ಗೊತ್ತಿಲ್ಲ ಎಂಬುದನ್ನು ಎಲ್ಲರ ಮುಂದೆ ಬಿಚ್ಚಿಡುತ್ತದೆ. ಬರಹದಲ್ಲಿ 'ದಟ್ಟ ಕಾಡಿನ ನಡುವಿನ ಸುಂದರ ನಿಲ್ದಾಣ' ಎಂದು ಬರೆದು ಪಾರಾಗಬಹುದು. ಹಲಗೆಯ ಮೇಲೆ ಪಾರಾಗಲು ಆಗದು. ಗೋಡೆಯ ಹಿಂದೆ ಏನಿದೆ, ಮಾಡಿನ ನೀರು ಎಲ್ಲಿ ಬೀಳುತ್ತದೆ, ಒಂದು ಕಡೆ ಖಾಲಿ ಬಿಟ್ಟರೆ ಖಾಲಿಯೇ ಕಾಣುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತಿವೆ. ಮೊದಲನೆಯದು, ಇದು ದುಡ್ಡಿದ್ದವರ ಹವ್ಯಾಸ ಎಂಬುದು. ಎಂಜಿನ್ ವಿಷಯದಲ್ಲಿ ಅದು ನಿಜ. ನಮ್ಮ ಬಳಿ ಓಡುವ ಎಂಜಿನ್ ಇರುವುದು ಒಂದೇ, ಸ್ವಿಸ್ ಸೆಟ್ಟಿನದು. ಅದರ ಮೇಲೆ ರಟ್ಟಿನಲ್ಲಿ ಮಾಡಿದ ವೈಡಿಎಂ-4 ಡೀಸೆಲ್ ಎಂಜಿನ್ನಿನ ಮೈ ಕೂರಿಸಿದ್ದೇವೆ. ಮೀಟರ್ ಗೇಜ್ ಹಳಿಗಳ ಮೇಲೆ ದೇಶದುದ್ದಕ್ಕೂ ದುಡಿದ ಎಂಜಿನ್ ಅದು. ಆದರೆ ಗುಡ್ಡಕ್ಕೆ, ಕಣಿಗೆ, ನಿಲ್ದಾಣಕ್ಕೆ ಬೇಕಾದದ್ದು ರಟ್ಟು, ಅಂಟು, ಮಣ್ಣು, ಹೊತ್ತು. ರೈಲೇ ಓಡದ ಮಾದರಿಯೂ ಮಾದರಿಯೇ.

ಎರಡನೆಯದು ಗಂಭೀರವಾದದ್ದು. ಇದು ಹಳೆಯದರ ಹಂಬಲ, ಮೀಟರ್ ಗೇಜ್ ಹೋದದ್ದಕ್ಕೆ ಅಳುವುದು ಎಂಬ ಮಾತು. ನಾವು ಅಳುತ್ತಿಲ್ಲ. ಬ್ರಾಡ್ ಗೇಜ್ ಬರಬೇಕಿತ್ತು, ಬಂತು. ಗೇಜ್ ಬದಲಾಗುವ ಕಡೆ ಸರಕು ಇಳಿಸಿ ಏರಿಸುವ ಕಷ್ಟ ತಪ್ಪಿತು, ಮಂಗಳೂರು ಬಂದರಿಗೆ ನೇರ ದಾರಿಯಾಯಿತು. ನಮ್ಮ ತಕರಾರು ಬೇರೆ. ನಡುವೆ ರೈಲಿಲ್ಲದೆ ಕಳೆದ ವರ್ಷಗಳನ್ನು ಈ ಕಡೆಯ ಜನ ಹೇಗೆ ಕಳೆದರು ಎಂಬ ದಾಖಲೆ ನಮಗೆ ಸಿಗಲಿಲ್ಲ. ಗೇಜ್ ಬದಲಾದಾಗ ಹಳಿಯ ಜೊತೆಗೆ ಒಂದು ತಲೆಮಾರಿನ ತಿಳಿವಳಿಕೆಯೂ ಕಿತ್ತುಹೋಯಿತೇ, ಅಥವಾ ಹೊಸಬರಿಗೆ ದಾಟಿತೇ ಎಂದು ಯಾರೂ ಕೇಳಿದಂತಿಲ್ಲ. ಹಂಬಲಿಸುವವನಿಗೆ ಹಳೆಯ ರೈಲಿನ ಕೂಗು ಸಾಕು. ಅಸಲಿಗೆ ಮರಳುವವನಿಗೆ ಮೋರಿಯ ಅಳತೆ ಬೇಕು.

ಮೂರನೆಯದು, ಈಗ ಡ್ರೋನ್, ವಿಡಿಯೊ, ಉಪಗ್ರಹ ಚಿತ್ರ ಎಲ್ಲ ಇರುವಾಗ ರಟ್ಟಿನಲ್ಲಿ ಕಟ್ಟುವುದೇಕೆ ಎಂಬ ಪ್ರಶ್ನೆ. ಅವೆಲ್ಲ ನಮಗೂ ಉಪಯೋಗಕ್ಕೆ ಬಂದಿವೆ. ಆದರೆ ವಿಡಿಯೊ ಕಂಡದ್ದನ್ನು ಹಿಡಿಯುತ್ತದೆ. ಆ ಕಣಿ ಅಲ್ಲಿ ಯಾಕಿದೆ ಎಂದು ಅದು ಕೇಳುವುದಿಲ್ಲ. ಎಲೆ ಮುಚ್ಚಿದ ಕಣಿ ಅದಕ್ಕೆ ಕಾಣುವುದೇ ಇಲ್ಲ.

ಇಷ್ಟು ಓದಿದ ನಿಮಗೆ ನಮ್ಮದೊಂದು ಕೋರಿಕೆ ಇದೆ. ನಿಮ್ಮೂರಿನ ಹತ್ತಿರ ಒಂದು ಸಣ್ಣ ನಿಲ್ದಾಣ ಇರಬಹುದು. ಅದನ್ನು ನಿಮ್ಮ ಅಸಲು ಮಾಡಿಕೊಳ್ಳಿ. ಮಾದರಿ ಕಟ್ಟದಿದ್ದರೂ ಅಡ್ಡಿಯಿಲ್ಲ, ಕಟ್ಟುವವರ ಹಾಗೆ ನೋಡಿ. ಇದಕ್ಕೆ ಹಳಿಯ ಮೇಲೆ ಹೋಗುವುದು ಬೇಡ. ಅದು ಅಪಾಯ, ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ. ಸುರಂಗ, ಸೇತುವೆಗಳಲ್ಲಿ ಫೋಟೊಕ್ಕಾಗಿ ನಡೆಯುವವರನ್ನು ನಾವು ಹವ್ಯಾಸಿಗಳೆಂದು ಕರೆಯುವುದಿಲ್ಲ. ಟಿಕೆಟ್ ಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತರೆ, ಕಿಟಕಿ ಪಕ್ಕ ಕೂತರೆ ಬೇಕಾದಷ್ಟು ಸಿಗುತ್ತದೆ.

ಒಂದು ಸುಲಭದ ಉಪಾಯ ಹೇಳುತ್ತೇವೆ. ಅಳತೆ ಪಟ್ಟಿ ಇಲ್ಲದಿದ್ದರೂ ಹಳೆಯ ಫೋಟೊದಿಂದ ಅಳತೆ ತೆಗೆಯಬಹುದು. ಫೋಟೊದಲ್ಲಿ ಹಳಿ ನೇರವಾಗಿ ಕಂಡರೆ ಎರಡು ಹಳಿಗಳ ನಡುವಿನ ಅಂತರ ನಿಮಗೆ ಗೊತ್ತೇ ಇದೆ: ಮೀಟರ್ ಗೇಜ್ ಆದರೆ 1,000 ಮಿಲಿಮೀಟರ್, ಬ್ರಾಡ್ ಗೇಜ್ ಆದರೆ 1,676. ಕ್ಯಾಮೆರಾದಿಂದ ಅಷ್ಟೇ ದೂರದಲ್ಲಿರುವ ಬೇರೆ ವಸ್ತುಗಳ ಅಗಲವನ್ನು ಅದರಿಂದ ಲೆಕ್ಕ ಹಾಕಬಹುದು. ಮನೆಯ ಆಲ್ಬಮ್‌ಗಳನ್ನು ತೆಗೆಸಿ ನೋಡಿ. ಮದುವೆ ದಿಬ್ಬಣ ರೈಲು ಹತ್ತುವ ಫೋಟೊದ ಹಿನ್ನೆಲೆಯಲ್ಲಿ ಈಗ ಇಲ್ಲದ ಒಂದು ನೀರಿನ ಟ್ಯಾಂಕ್, ಒಂದು ಸಿಗ್ನಲ್ ಕಂಬ ಇದ್ದೇ ಇರುತ್ತದೆ. ಫೋಟೊದ ಹಿಂದೆ ವರ್ಷ ಬರೆಯಿರಿ. ಆ ನಿಲ್ದಾಣದಲ್ಲಿ ದುಡಿದವರು ಯಾರು ಬದುಕಿದ್ದಾರೆ ಎಂದು ವಿಚಾರಿಸಿ. ಪಾಯಿಂಟ್ಸ್‌ಮನ್, ಕೀಮನ್, ಗೇಟ್‌ಮನ್, ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರಿದವರು. ನಿಮಗೆ ಗೊತ್ತಿರುವುದನ್ನು ಒಂದು ಹಾಳೆಯಲ್ಲಿ ಬರೆದು ಅವರಿಗೆ ತೋರಿಸಿ. ಅವರು ತಿದ್ದುತ್ತಾರೆ. ತಿದ್ದಿಸಿಕೊಂಡು ಮತ್ತೆ ಹೋಗಿ. ಸಿಕ್ಕಿದ್ದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೋ ಶಾಲೆಗೋ ಕೊಡಿ.

ಬೇಗ ಮಾಡಬೇಕು. ಹಳೆಯ ನಿಲ್ದಾಣದ ಕಟ್ಟಡಗಳು ಅಭಿವೃದ್ಧಿಯ ಹೆಸರಲ್ಲಿ ಹೊಸ ಮುಖ ಪಡೆಯುತ್ತಿವೆ. ಪಡೆಯಲಿ, ಜನರಿಗೆ ಮಾಡು ಬೇಕು, ಲಿಫ್ಟ್ ಬೇಕು. ಆದರೆ ಹಳೆಯದನ್ನು ಒಡೆಯುವ ಮುನ್ನ ಒಬ್ಬರಾದರೂ ಅಳೆದಿರಲಿ. ಮನುಷ್ಯರ ವಿಷಯದಲ್ಲಿ ಇನ್ನೂ ಅವಸರ. 1979ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತು ದಾಟಿದೆ.

ನಮ್ಮ ಅಜ್ಜ ಈಗ ಏಣಿ ಹತ್ತುವುದಿಲ್ಲ. ಮೊಣಕಾಲು ಬಿಡುವುದಿಲ್ಲ. ನಾವು ಗುಡ್ಡದ ತುಂಡನ್ನು ಕೆಳಗಿಳಿಸಿ ಅವರ ಜಗಲಿಗೆ ಒಯ್ಯುತ್ತೇವೆ. ಮೇಲಿನ ಕಣಿ ಆಗಿದೆ, ಹಳಿ ಪಕ್ಕದ್ದೂ ಆಗಿದೆ, ಮೋರಿಯ ಬಾಯಿಗೆ ಕಲ್ಲು ಕಟ್ಟಿದ್ದೇವೆ. ಕಳೆದ ವಾರ ಅವರು ಚೊಂಬಿನಿಂದ ನಿಧಾನಕ್ಕೆ ಗುಡ್ಡದ ನೆತ್ತಿಗೆ ನೀರು ಹೊಯ್ದರು. ಮೇಲಿನ ಕಣಿಯಲ್ಲಿ ನೀರು ಸರಿಯಾಗಿಯೇ ಹರಿಯಿತು. ಮೋರಿಯ ಹತ್ತಿರ ಬಂದು ಕಟ್ಟಿತು, ಅಂಚು ಮೀರಿ ಹಳಿಗೆ ನುಗ್ಗಿತು, ಚಹಾದ ಚರಟವನ್ನೆಲ್ಲ ಜಗಲಿಗೆ ಹರಡಿತು.

"ಮೋರಿ ಸಣ್ಣದಾಯಿತು," ಎಂದರು ಅಜ್ಜ. "ಇನ್ನೊಮ್ಮೆ ಮಾಡಿ."

ಮಾಡುತ್ತೇವೆ.